ಗೆನ್ಷರ್: ಸಣ್ಣ ಪಕ್ಷದ ಅಧ್ಯಕ್ಷ, ಹದಿನೆಂಟು ವರ್ಷಗಳ ವಿದೇಶಾಂಗ ಸಚಿವ

ಪಶ್ಚಿಮ ಜರ್ಮನಿಯ ಫ್ರೀ ಡೆಮಾಕ್ರಟಿಕ್ ಪಕ್ಷವು ಎಂದೂ ದೊಡ್ಡ ಪಕ್ಷವಾಗಿರಲಿಲ್ಲ. ಆದರೂ ಅಲ್ಲಿನ ಎರಡು ದೊಡ್ಡ ಪಕ್ಷಗಳಲ್ಲಿ ಯಾವುದಕ್ಕೂ ಒಂಟಿಯಾಗಿ ಬಹುಮತ ದೊರೆಯುವುದು ತೀರ ಅಪರೂಪವಾಗಿದ್ದುದರಿಂದ, ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಯಾರಾಗಬೇಕೆಂಬುದು ಹಲವು ಬಾರಿ ಈ ಉದಾರವಾದಿ ಪಕ್ಷದ ಒಲವನ್ನೇ ಅವಲಂಬಿಸಿತ್ತು. ಈ ಪಕ್ಷದ ಬಲವನ್ನು ಹಾನ್ಸ್ ಡೀಟ್ರಿಶ್ ಗೆನ್ಷರ್ ಅವರಷ್ಟು ದೀರ್ಘಕಾಲ ಬಳಸಿದ ನಾಯಕ ಮತ್ತೊಬ್ಬರಿಲ್ಲ.

1927ರಲ್ಲಿ ಹಾಲೆ ನಗರದ ಸಮೀಪ ಜನಿಸಿ, ಕಮ್ಯುನಿಸ್ಟ್ ಆಳ್ವಿಕೆಯ ಪೂರ್ವ ಜರ್ಮನಿಯಿಂದ 1952ರಲ್ಲಿ ಪಶ್ಚಿಮಕ್ಕೆ ಬಂದ ಈ ವಕೀಲರು 1969ರಲ್ಲಿ ಒಳಾಡಳಿತ ಸಚಿವರಾದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಭಯೋತ್ಪಾದಕರು ಇಸ್ರೇಲಿನ ಕ್ರೀಡಾಪಟುಗಳನ್ನು ಸೆರೆಹಿಡಿದಾಗ ಅವರ ಬದಲಿಗೆ ತಾವೇ ಒತ್ತೆಯಾಳಾಗಲು ಮುಂದೆ ಬಂದರು. ಆ ಕೋರಿಕೆಯನ್ನು ಭಯೋತ್ಪಾದಕರು ಒಪ್ಪಲಿಲ್ಲ. 1974ರಲ್ಲಿ ಅವರು ವಿದೇಶಾಂಗ ಸಚಿವರೂ ಪಕ್ಷದ ಅಧ್ಯಕ್ಷರೂ ಆದರು.

ಅವರ ಬದುಕಿನ ಅತ್ಯಂತ ವಿವಾದಾತ್ಮಕ ನಿರ್ಧಾರ 1982ರದು. ಆರ್ಥಿಕ ನೀತಿಯ ಕುರಿತು ಭಿನ್ನಾಭಿಪ್ರಾಯ ಬಲಿತು, ಸೆಪ್ಟೆಂಬರ್‌ನಲ್ಲಿ ಅವರ ಪಕ್ಷದ ಸಚಿವರು ಸೋಷಿಯಲ್ ಡೆಮಾಕ್ರಟ್ ಹೆಲ್ಮುಟ್ ಶ್ಮಿಟ್ ಅವರ ಸಂಪುಟದಿಂದ ಹೊರಬಂದರು. ಜರ್ಮನಿಯ ಸಂವಿಧಾನದ ಪ್ರಕಾರ ಚಾನ್ಸಲರ್ ಅವರನ್ನು ಕೆಳಗಿಳಿಸಬೇಕಾದರೆ ಸಂಸತ್ತು ಅದೇ ಮತದಾನದಲ್ಲಿ ಉತ್ತರಾಧಿಕಾರಿಯನ್ನೂ ಆರಿಸಬೇಕು. 'ರಚನಾತ್ಮಕ ಅವಿಶ್ವಾಸ'ವೆಂಬ ಈ ವಿಧಾನದಿಂದ ಅಕ್ಟೋಬರ್ 1ರಂದು ಕ್ರಿಶ್ಚಿಯನ್ ಡೆಮಾಕ್ರಟ್ ಹೆಲ್ಮುಟ್ ಕೋಲ್ ಅಧಿಕಾರಕ್ಕೆ ಬಂದರು. ಗೆನ್ಷರ್ ದ್ರೋಹ ಬಗೆದರೆಂಬ ಆರೋಪ ಎದ್ದಿತು, ಪಕ್ಷದ ಪ್ರಧಾನ ಕಾರ್ಯದರ್ಶಿ ಗುಂಟರ್ ಫೆರ್ಹಾಯ್ಗೆನ್ ಸೋಷಿಯಲ್ ಡೆಮಾಕ್ರಟರನ್ನು ಸೇರಿದರು, ಮತಪ್ರಮಾಣವು 1980ರ 10.6 ಪ್ರತಿಶತದಿಂದ 1983ರಲ್ಲಿ 7ಕ್ಕೆ ಕುಸಿಯಿತು. ಈ ಆರೋಪದಲ್ಲಿ ಹುರುಳಿರಲಿಲ್ಲವೆನ್ನಲಾಗದು, ಏಕೆಂದರೆ 1980ರಲ್ಲಿ ಆ ಪಕ್ಷಕ್ಕೆ ಮತ ಹಾಕಿದವರು ಶ್ಮಿಟ್ ಸರ್ಕಾರ ಮುಂದುವರಿಯಲೆಂದೇ ಹಾಕಿದ್ದರು. ಆದರೆ ಪೂರ್ವ ಯುರೋಪಿನೊಡನೆ ಮಾತುಕತೆಯ ನೀತಿ ಸರ್ಕಾರ ಬದಲಾದರೂ ಕಡಿಯದೆ ಉಳಿದದ್ದು, ಬಹುಮಟ್ಟಿಗೆ ಅದೇ ಸಚಿವರು ಅದೇ ಖಾತೆಯಲ್ಲಿ ಉಳಿದದ್ದರಿಂದ.

ಅದರ ಫಲ 1989ರ ಸೆಪ್ಟೆಂಬರ್ 30ರಂದು ಪ್ರಾಗ್‌ನಲ್ಲಿ ಕಾಣಿಸಿತು. ಅಲ್ಲಿನ ಪಶ್ಚಿಮ ಜರ್ಮನ್ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದಿದ್ದ ಸಾವಿರಾರು ಪೂರ್ವ ಜರ್ಮನರಿಗೆ ಪಶ್ಚಿಮಕ್ಕೆ ತೆರಳಲು ಅನುಮತಿ ದೊರೆತಿದೆಯೆಂದು ಗೆನ್ಷರ್ ಕಟ್ಟಡದ ಬಾಲ್ಕನಿಯಿಂದ ತಿಳಿಸುತ್ತಿದ್ದಂತೆ, ಜನರ ಹರ್ಷೋದ್ಗಾರದಲ್ಲಿ ಅವರ ಮಾತಿನ ಕೊನೆ ಮುಳುಗಿಹೋಯಿತು. ಮುಂದಿನ ವರ್ಷ ಎರಡೂ ಜರ್ಮನಿಗಳು ಮತ್ತು ಎರಡನೇ ಮಹಾಯುದ್ಧದ ನಾಲ್ಕು ವಿಜೇತ ರಾಷ್ಟ್ರಗಳು ಮಾಸ್ಕೋದಲ್ಲಿ ಸಹಿಹಾಕಿದ 'ಎರಡು-ಪ್ಲಸ್-ನಾಲ್ಕು' ಒಪ್ಪಂದವು ಏಕೀಕರಣಕ್ಕೆ ಅಂತರರಾಷ್ಟ್ರೀಯ ಮಾನ್ಯತೆ ನೀಡಿತು.

1992ರಲ್ಲಿ ಸ್ವಇಚ್ಛೆಯಿಂದ ಸಚಿವಸ್ಥಾನ ತೊರೆದು 2016ರಲ್ಲಿ ನಿಧನರಾದ ಅವರನ್ನು 1982ರ ನಿರ್ಧಾರವೊಂದರಿಂದಲೇ ಅಳೆಯುವುದು ನ್ಯಾಯವಲ್ಲ.