ಪೀಣ್ಯದ ಕ್ಯಾಮೆರಾ ಫೋಕಸ್ ಹುಡುಕುವುದಿಲ್ಲ

ಪೀಣ್ಯ ಇಂಡಸ್ಟ್ರಿ ಮೆಟ್ರೊ ನಿಲ್ದಾಣದಲ್ಲಿ ಇಳಿದು ಒಳರಸ್ತೆ ಹಿಡಿದರೆ ಲೇತ್, ಗೇರ್ ಕಟಿಂಗ್, ಪೌಡರ್ ಕೋಟಿಂಗ್ ಬೋರ್ಡುಗಳೇ ಸಾಲಾಗಿ ಸಿಗುತ್ತವೆ. ನಾನು ಹುಡುಕಿಕೊಂಡು ಹೋದ ಶೆಡ್ಡಿನವರ ಕೆಲಸ ಬೇರೆ. ಇಂಥ ಕಾರ್ಖಾನೆಗಳ ಲೈನಿನಲ್ಲಿ ಮಾಲು ತಪಾಸಣೆ ಮಾಡುವ ಕ್ಯಾಮೆರಾಗಳನ್ನು ಇವರು ಕೂರಿಸಿಕೊಡುತ್ತಾರೆ. ಒಳಗೆ ಎರಡು ಮೇಜು, ಒಂದು ಟ್ರಯಲ್ ಕನ್ವೇಯರ್. ಕ್ಯಾಮೆರಾಗಳ ಮೈ 29 ಮಿ.ಮೀ. ಚೌಕ ಅಷ್ಟೇ, ಪರದೆ ಇಲ್ಲ, ಬಟನ್ ಇಲ್ಲ, ಹಿಂದೆ ಕೇಬಲ್, ಮುಂದೆ ಲೆನ್ಸ್.

ಆಟೋಫೋಕಸ್ ನೋಡಲು ಬಂದೆ ಎಂದರೆ ಮೊದಲು ತೋರಿಸಿದ್ದು ಆಟೋಫೋಕಸ್ ಇಲ್ಲದ ಲೆನ್ಸನ್ನು. ಅದು ಬೇರಿಂಗ್ ರಿಂಗಿನ ವ್ಯಾಸ ಅಳೆಯುವ ಸೆಟಪ್. ಫೋಕಸ್ ರಿಂಗನ್ನು ಪುಟ್ಟ ಸ್ಕ್ರೂನಿಂದ ಬಿಗಿದು, ರಿಂಗಿನಿಂದ ಲೆನ್ಸಿನ ಮೈವರೆಗೆ ಹಳದಿ ಪೇಂಟಿನ ಗೆರೆ ಎಳೆದಿದ್ದಾರೆ. ಯಾರಾದರೂ ತಿರುಗಿಸಿದರೆ ಗೆರೆ ಜಾರಿ ಗುಟ್ಟು ಬಯಲಾಗುತ್ತದೆ. ಫೋಕಸ್ ಬದಲಾದರೆ ಚಿತ್ರದ ಗಾತ್ರವೂ ಕೂದಲೆಳೆಯಷ್ಟು ಬದಲಾಗುತ್ತದೆ. ಆಗ ಒಂದು ಪಿಕ್ಸೆಲ್‌ಗೆ ಇಷ್ಟು ಮೈಕ್ರಾನ್ ಎಂಬ ಲೆಕ್ಕವೇ ತಪ್ಪಿ, ಒಳ್ಳೆಯ ರಿಂಗ್ ರಿಜೆಕ್ಟ್ ಆಗಬಹುದು, ಕೆಟ್ಟದ್ದು ಪಾಸಾಗಬಹುದು. ಮಾಲು ಸದಾ ಒಂದೇ ಎತ್ತರದಲ್ಲಿ ಬರುವ ಕಡೆ ಫೋಕಸ್ ಅಲುಗಾಡಬಾರದು.

ತೊಂದರೆ ಶುರುವಾಗುವುದು ಎತ್ತರ ಬದಲಾಗುವಲ್ಲಿ. 3.45 ಮೈಕ್ರಾನ್ ಪಿಕ್ಸೆಲ್ಲಿನ ಸೆನ್ಸರ್, ಎಫ್/8 ಅಪರ್ಚರ್, ವಸ್ತುವಿನ ಹತ್ತನೇ ಒಂದರಷ್ಟು ಗಾತ್ರದ ಚಿತ್ರ ಎಂದಿಟ್ಟುಕೊಳ್ಳಿ. ಸ್ಪಷ್ಟವಾಗಿ ಕಾಣುವ ಆಳ ಸುಮಾರು 6 ಮಿ.ಮೀ. ಮಾತ್ರ. ಇನ್ನೂ ಹತ್ತಿರ ಹೋಗಿ ಚಿತ್ರವನ್ನು ಅರ್ಧ ಗಾತ್ರಕ್ಕೆ ಹಿಗ್ಗಿಸಿದರೆ ಆ ಆಳ ಮಿಲಿಮೀಟರಿನ ಮೂರನೇ ಒಂದಕ್ಕೆ ಇಳಿಯುತ್ತದೆ.

ಎರಡನೇ ಮೇಜಿನಲ್ಲಿ ಮಾತ್ರೆಯ ಬ್ಲಿಸ್ಟರ್ ಸ್ಟ್ರಿಪ್ ಇಟ್ಟು ಎಂಜಿನಿಯರ್ ಒಂದು ಕೀ ಒತ್ತಿದರು. ಮಾನಿಟರಿನಲ್ಲಿ ಚಿತ್ರ ಮಸುಕಾಗಿ, ತಿಳಿಯಾಗಿ, ಮತ್ತೆ ಮಸುಕಾಯಿತು. ಪಕ್ಕದಲ್ಲೇ ಒಂದು ಕರ್ವ್ ಏರಿ ಇಳಿಯಿತು. ಅದು ಶಾರ್ಪ್‌ನೆಸ್ ಸ್ಕೋರ್. ಅಕ್ಕಪಕ್ಕದ ಪಿಕ್ಸೆಲ್‌ಗಳ ಬೆಳಕಿನ ವ್ಯತ್ಯಾಸವನ್ನು ವರ್ಗ ಮಾಡಿ ಕೂಡಿಸುವುದು ಸ್ಕೋರ್ ಹಾಕುವ ಒಂದು ಬಗೆ. ಫೋಕಸ್ ಸರಿಯಿದ್ದಾಗ ಕಪ್ಪಿನಿಂದ ಬಿಳಿಗೆ ದಾಟಲು ಎರಡು ಪಿಕ್ಸೆಲ್ ಸಾಕು. ತಪ್ಪಿದಾಗ ಅದೇ ಅಂಚು ಹತ್ತಾರು ಪಿಕ್ಸೆಲ್‌ಗೆ ಹರಡಿ, ವ್ಯತ್ಯಾಸ ಹಂಚಿಹೋಗುತ್ತದೆ. ತುದಿಯನ್ನು ಹುಡುಕುವ ಈ ಕ್ರಮವನ್ನು ಇವರು ಹಿಲ್ ಕ್ಲೈಂಬಿಂಗ್ ಅನ್ನುತ್ತಾರೆ. ಮಂಜು ಕವಿದ ಬೆಟ್ಟ ಹತ್ತಿದ ಹಾಗೆ: ನೆತ್ತಿ ಕಾಣುವುದಿಲ್ಲ, ಒಂದು ಹೆಜ್ಜೆ ಆಚೆಗೆ ಇಳಿದ ಮೇಲಷ್ಟೇ ಅದನ್ನು ದಾಟಿಬಂದದ್ದು ಗೊತ್ತಾಗುತ್ತದೆ.

ಆದರೆ ಈ ಸ್ಟ್ರಿಪ್ಪಿನ ಕರ್ವಿಗೆ ಎರಡು ನೆತ್ತಿ. ಒಂದು ಮಾತ್ರೆಯ ಮೇಲಿನ ಅಚ್ಚಿನದು. ಇನ್ನೊಂದು, ಅದಕ್ಕಿಂತ ಎತ್ತರದ್ದು, ಮೇಲಿನ ಪ್ಲಾಸ್ಟಿಕ್ ಗುಬುಟಿನ ಗೀರುಗಳಲ್ಲಿ ಮಿಂಚಿದ ಬೆಳಕಿನದು. ಸಾಫ್ಟ್‌ವೇರ್ ನೇರವಾಗಿ ಗೀರನ್ನೇ ಆರಿಸಿತು. ನಮಗೆ ಬೇಕಾದದ್ದು ಯಾವುದೆಂದು ಸ್ಕೋರಿಗೆ ತಿಳಿಯದು. ಎಲ್ಲಿ ವ್ಯತ್ಯಾಸ ಹೆಚ್ಚೋ ಅಲ್ಲಿ ನಿಲ್ಲುತ್ತದೆ. ಎಂಜಿನಿಯರ್ ದೀಪದ ಕೋನ ಬದಲಿಸಿ ಮಿಂಚು ತಗ್ಗಿಸಿದರು, ಹುಡುಕುವ ಜಾಗವನ್ನು ಅಚ್ಚಿನ ಸುತ್ತ ಒಂದು ಚೌಕಕ್ಕೆ ಸೀಮಿತಗೊಳಿಸಿದರು. ಆಮೇಲೆ ಅಕ್ಷರಗಳು ತಿಳಿಯಾದವು. ಆಟೋಫೋಕಸ್ ತಪ್ಪಿದೆ ಎಂಬ ದೂರು ಎಷ್ಟೋ ಸಲ ಲೈಟಿಂಗಿನಲ್ಲೇ ಬಗೆಹರಿಯುತ್ತದೆ.

ಇಷ್ಟಾದರೂ ಲೆನ್ಸಿನಿಂದ ಒಂದು ಸದ್ದೂ ಬರಲಿಲ್ಲ. ಒಳಗೆ ಮೋಟಾರೇ ಇಲ್ಲ, ಇದು ಲಿಕ್ವಿಡ್ ಲೆನ್ಸ್. ಒಂದಕ್ಕೊಂದು ಬೆರೆಯದ, ಸಾಂದ್ರತೆ ಒಂದೇ ಆಗಿರುವ ನೀರು ಮತ್ತು ಎಣ್ಣೆ ಅದರಲ್ಲಿವೆ. ವೋಲ್ಟೇಜ್ ಬದಲಿಸಿದರೆ ಅವು ಸೇರುವ ಮೇಲ್ಮೈಯ ಬಾಗು ಬದಲಾಗುತ್ತದೆ. ವಿದ್ಯುತ್ತಿನಿಂದ ದ್ರವದ ಮೇಲ್ಮೈಯನ್ನು ಆಡಿಸಬಹುದೆಂದು ಗೇಬ್ರಿಯಲ್ ಲಿಪ್‌ಮನ್ 1875ರಲ್ಲೇ ಪಾದರಸದಲ್ಲಿ ತೋರಿಸಿದ್ದರು. ಅದನ್ನು ಲೆನ್ಸಾಗಿಸಿ ಮಾರುಕಟ್ಟೆಗೆ ತರಲು ಬ್ರೂನೊ ಬೆರ್ಜ್ ಫ್ರಾನ್ಸಿನ ಲಿಯೋನ್‌ನಲ್ಲಿ ವರಿಯಾಪ್ಟಿಕ್ ಕಂಪನಿ ಕಟ್ಟಿದ್ದು 2002ರಲ್ಲಿ. ಸ್ವಿಟ್ಜರ್ಲೆಂಡಿನ ಆಪ್ಟೊಟ್ಯೂನ್ ಹಿಡಿದ ದಾರಿ ಇನ್ನೊಂದು: ತೆಳುವಾದ ಪೊರೆಯ ಹಿಂದೆ ದ್ರವ ತುಂಬಿ, ಒತ್ತಿ ಉಬ್ಬಿಸುವುದು. ಉಜ್ಜಿ ಸವೆಯುವ ಭಾಗಗಳಿಲ್ಲದ ಕಾರಣ ದಿನವಿಡೀ ಫೋಕಸ್ ಬದಲಿಸುವ ಲೈನುಗಳಿಗೆ ಇವು ಒಗ್ಗುತ್ತವೆ.

ಕೊನೆಗೆ ಕನ್ವೇಯರ್. ಬೇರೆ ಬೇರೆ ಎತ್ತರದ ರಟ್ಟಿನ ಪೆಟ್ಟಿಗೆಗಳು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬರುತ್ತಿದ್ದವು, ಮೇಲಿನ ಕ್ಯಾಮೆರಾ ಪ್ರತಿಯೊಂದರ ಕೋಡ್ ಓದಬೇಕು. ಇಲ್ಲಿ ಬೆಟ್ಟ ಹತ್ತಲು ಪುರುಸೊತ್ತಿಲ್ಲ. ಇಪ್ಪತ್ತು ಹೆಜ್ಜೆ, ಹೆಜ್ಜೆಗೆ 20 ಮಿಲಿಸೆಕೆಂಡ್ ಎಂದರೂ 400 ಮಿಲಿಸೆಕೆಂಡ್ ಆಯಿತು. ಅಷ್ಟರಲ್ಲಿ ಪೆಟ್ಟಿಗೆ 40 ಸೆಂ.ಮೀ. ಮುಂದೆ ಹೋಗಿರುತ್ತದೆ. ಅದಕ್ಕೇ ಕ್ಯಾಮೆರಾಕ್ಕಿಂತ ಮೊದಲು ಒಂದು ಲೇಸರ್ ಕೂತಿದೆ. ಪೆಟ್ಟಿಗೆಯ ಮೇಲೆ ಕೆಂಪು ಚುಕ್ಕೆ ಬಿತ್ತು, ಎತ್ತರ ಸಿಕ್ಕಿತು, ಆ ಎತ್ತರಕ್ಕೆ ಎಷ್ಟು ವೋಲ್ಟೇಜ್ ಎಂಬುದನ್ನು ಕಂಟ್ರೋಲರ್ ಟೇಬಲ್ ನೋಡಿ ಲೆನ್ಸಿಗೆ ಕೊಟ್ಟಿತು. ಪೆಟ್ಟಿಗೆ ಕ್ಯಾಮೆರಾದ ಕೆಳಗೆ ಬರುವ ಹೊತ್ತಿಗೆ ಫೋಕಸ್ ಕಾದು ನಿಂತಿತ್ತು. ಹುಡುಕಾಟವೆಲ್ಲ ಮುಗಿದಿರುವುದು ಮೊದಲೇ, ಸೆಟಪ್ ದಿನ: ಅಳತೆಯ ಬ್ಲಾಕುಗಳನ್ನಿಟ್ಟು, ಒಂದೊಂದು ಎತ್ತರಕ್ಕೂ ನೆತ್ತಿ ಹುಡುಕಿ, ಟೇಬಲ್ ತುಂಬಿಟ್ಟಿರುತ್ತಾರೆ. ಲೈನ್ ಓಡುವಾಗ ನಡೆಯುವುದು ನೆನಪಿನ ಕೆಲಸ.

ಆ ನೆನಪನ್ನೂ ಕಾಯಬೇಕು. ಬಿಸಿಯೇರಿದಂತೆ ದ್ರವದ ಗುಣ ಬದಲಾಗುತ್ತದೆ, ಬೆಳಗಿನ ವೋಲ್ಟೇಜ್ ಮಧ್ಯಾಹ್ನಕ್ಕೆ ಸರಿಹೊಂದದೇ ಹೋಗಬಹುದು. ಹಾಗಾಗಿ ಇಂಥ ಲೆನ್ಸಿನ ಜೊತೆಗೇ ತಾಪಮಾನದ ಸೆನ್ಸರ್ ಇಟ್ಟು ಲೆಕ್ಕ ತಿದ್ದುತ್ತಾರೆ.

ಆಟೋಫೋಕಸ್ ಬೇಕೆಂದು ಬರುವ ಕಾರ್ಖಾನೆಯವರಿಗೆ ಇವರು ಮೊದಲು ಹಾಕುವ ಪ್ರಶ್ನೆ ಒಂದೇ: ಮಾಲಿನ ಎತ್ತರದಲ್ಲಿ ವ್ಯತ್ಯಾಸ ಎಷ್ಟು? ಒಂದೆರಡು ಮಿ.ಮೀ. ಆದರೆ ಅಪರ್ಚರ್ ಕಿರಿದು ಮಾಡಿ ದೀಪ ಜಾಸ್ತಿ ಮಾಡಿದರೆ ಎಷ್ಟೋ ಕಡೆ ಸಾಕಾಗುತ್ತದೆ. ನಾಲ್ಕೈದು ಮಾಡೆಲ್ ಮಾತ್ರವಿದ್ದರೆ ಮಾಡೆಲ್‌ಗೊಂದು ಫೋಕಸ್ ಸೇವ್ ಮಾಡಿದರಾಯಿತು. ಮುಂದಿನ ಪೆಟ್ಟಿಗೆ ಎಷ್ಟು ಎತ್ತರದ್ದೆಂದು ಯಾರಿಗೂ ತಿಳಿಯದ ಲೈನಿಗಷ್ಟೇ ಲೇಸರಿನ ಖರ್ಚು. ಈ ಲೆಕ್ಕ ಮೊದಲೇ ಹಾಕಿಕೊಂಡವರಿಗೆ ಅರ್ಧ ಹಣ ಲೆನ್ಸ್ ಕೊಳ್ಳುವ ಮುಂಚೆಯೇ ಉಳಿದಿರುತ್ತದೆ.