ಹಳೆಯ ಬೊಂಬೆಗೆ ಹೊಸ ಬಣ್ಣ

ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಕೂಡುತ್ತದೆ. ಕಾವೇರಿಯು ಬಂಡೆಗಳ ನಡುವೆ ಧುಮುಕುವ, ಕೋದಂಡರಾಮನು ನೆಲೆಸಿರುವ ಆ ಕ್ಷೇತ್ರಕ್ಕೆ ಹಳ್ಳಿಕಾರ್ ಎತ್ತುಗಳು ಜೋಡಿಜೋಡಿಯಾಗಿ ಬರುತ್ತವೆ. ಮೈ ತೊಳೆದು, ಕೊಂಬು ಹೆರೆದು, ಬಣ್ಣ ಬಳಿದು, ಕೊರಳಿಗೆ ಗಂಟೆ ಕಟ್ಟಿದ ಎತ್ತನ್ನು ಕಂಡರೆ ಅದರ ಒಡೆಯನ ಅಭಿಮಾನವೇ ಎದುರಿಗೆ ನಿಂತಂತೆ ತೋರುತ್ತದೆ. ತನ್ನದಾದುದನ್ನು ತನ್ನ ಕೈಯಿಂದಲೇ ಒಂದಿಷ್ಟು ಸಿಂಗರಿಸಬೇಕೆಂಬ ಆಸೆ ಮನುಷ್ಯನಿಗೆ ಬಹು ಹಿಂದಿನದು. ಅದೇ ಆಸೆ ಮನೆಯೊಳಗೆ ಕಾಲಿಟ್ಟಾಗ ಬೊಂಬೆಗಳ ಕಡೆಗೆ ತಿರುಗುತ್ತದೆ.

ಮೈಸೂರು ಸೀಮೆಯಲ್ಲಿ ನವರಾತ್ರಿಗೆ ಬೊಂಬೆ ಕೂರಿಸುವ ಮನೆಗಳು ಇಂದಿಗೂ ಅನೇಕ. ಮೆಟ್ಟಿಲುಗಳ ಮೇಲಿನ ಸಾಲಿನಲ್ಲಿ ರಾಜ ರಾಣಿಯರ ಜೋಡಿ, ಅಂದರೆ ಪಟ್ಟದ ಬೊಂಬೆಗಳು, ಆಸೀನವಾಗುತ್ತವೆ. ರಕ್ತಚಂದನದ ಮರದಲ್ಲಿ ಕೆತ್ತಿದ ಈ ಜೋಡಿಯನ್ನು ಮದುವೆಯಲ್ಲಿ ಮಗಳಿಗೆ ಕೊಟ್ಟು ಕಳುಹಿಸುವುದು ಹಳೆಯ ವಾಡಿಕೆ. ಅರಮನೆಯಲ್ಲಿ ಬೊಂಬೆಗಳಿಗೆಂದೇ ಬೊಂಬೆ ತೊಟ್ಟಿ ಇದೆ. ತಲೆಮಾರಿನಿಂದ ತಲೆಮಾರಿಗೆ ಕೈ ಬದಲಾಯಿಸುತ್ತ ಬಂದ ಬೊಂಬೆಯ ಬಣ್ಣ ಮಾಸದೆ ಇರುವುದೆಂತು? ಮೂಗಿನ ತುದಿ ಸವೆಯುತ್ತದೆ. ಕಣ್ಣಿನ ಕಪ್ಪು ಅಳಿಸುತ್ತದೆ. ತುಟಿಯ ಕೆಂಪು ಮಸುಕಾಗುತ್ತದೆ. ಹಬ್ಬಕ್ಕೆ ಮುಂಚೆ ಪೆಟ್ಟಿಗೆ ತೆರೆದಾಗ, ‘ಇದಕ್ಕೆ ಬಣ್ಣ ಹಾಕೋಣವೆ?’ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಉತ್ತರ ಹೇಳುವ ಮೊದಲು ಬೊಂಬೆಯ ಜಾತಿಯನ್ನು ತಿಳಿಯಬೇಕು. ಚನ್ನಪಟ್ಟಣದ ಬೊಂಬೆಗೆ ಬಣ್ಣವನ್ನು ಕುಂಚದಿಂದ ಬಳಿಯುವುದಿಲ್ಲ. ಹಾಲೆ ಮರದ ತುಂಡು ಲೇತು ಯಂತ್ರದಲ್ಲಿ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ತಾಳೆಗರಿಯಿಂದ ತೀಡಿದಾಗ ಹೊಳಪು ಬರುತ್ತದೆ. ಅದರ ಬಣ್ಣ ಹೋದರೆ ಮತ್ತೆ ಲೇತಿಗೆ ಏರಿಸುವುದೇ ಸರಿಯಾದ ಮಾರ್ಗ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ರೀತಿಯೇ ಬೇರೆ. ಅಲ್ಲಿನ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಜೋಡಿಸಿ, ಸಂದುಗಳನ್ನು ಹುಣಸೆಬೀಜದ ಅಂಟು ಬೆರೆತ ಕಿಟ್ಟದಿಂದ ಮುಚ್ಚಿ, ಅದರ ಮೇಲೆ ಬಣ್ಣ ಹಾಕುತ್ತಾರೆ. ಇದಕ್ಕೆ ನೀರು ತಗುಲಿಸಿದರೆ ಅಪಾಯ.

ಈ ಬಳಗಕ್ಕೆ ಇತ್ತೀಚಿನ ದಶಕಗಳಲ್ಲಿ ಬಂದು ಸೇರಿದ ಹೊಸ ಅತಿಥಿಯೆಂದರೆ ರೂಪ ಬದಲಿಸುವ ಯಂತ್ರಮಾನವ. ಕೈಕಾಲು ಮಡಚಿದರೆ ಮೋಟಾರು, ಬಿಡಿಸಿದರೆ ಭಟ. ಜಪಾನಿನ ತಕಾರಾ ಸಂಸ್ಥೆಯ ಆಟಿಕೆಗಳನ್ನು ಅಮೆರಿಕದ ಹ್ಯಾಸ್ಬ್ರೊ ಸಂಸ್ಥೆಯು 1984ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಆ ಮೊದಲ ವರ್ಷದ ಮೂರು ವಿಮಾನ ಭಟರ ವಿಚಾರ ಸ್ವಾರಸ್ಯವಾದುದು. ಬೂದು ಬಣ್ಣದ ಸ್ಟಾರ್‌ಸ್ಕ್ರೀಮ್, ನೀಲಿಯ ಥಂಡರ್‌ಕ್ರ್ಯಾಕರ್, ಕಪ್ಪು ಬಣ್ಣದ ಸ್ಕೈವಾರ್ಪ್ ಇವರೆಲ್ಲರೂ ಒಂದೇ ಅಚ್ಚಿನಿಂದ ಬಂದವರು. ಬಣ್ಣ ಬದಲಾದೊಡನೆ ಹೆಸರೂ ಸ್ವಭಾವವೂ ಬದಲಾದವು. ತಯಾರಕರೇ ತೋರಿಸಿಕೊಟ್ಟ ಈ ಉಪಾಯವನ್ನು ಹವ್ಯಾಸಿಗಳು ತಮ್ಮದಾಗಿ ಮಾಡಿಕೊಂಡಿದ್ದಾರೆ. ಅಂಗಡಿಯಲ್ಲಿ ಸಿಗದ ಭಟನನ್ನು ಹಳೆಯ ಆಟಿಕೆಯಿಂದಲೇ ಸೃಷ್ಟಿಸುವ ಈ ಕೆಲಸದಲ್ಲಿ ಮಕ್ಕಳಷ್ಟೇ ಉತ್ಸಾಹದಿಂದ ವಯಸ್ಕರೂ ತೊಡಗುತ್ತಾರೆ.

ಕೆಲಸಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ತಾಳ್ಮೆ. ಮೊದಲು ತಿರುಪುಮೊಳೆಗಳನ್ನು ಕಳಚಿ, ಯಾವ ಭಾಗ ಎಲ್ಲಿತ್ತೆಂಬುದನ್ನು ಚಿತ್ರ ತೆಗೆದಿಟ್ಟುಕೊಳ್ಳಬೇಕು. ಪ್ಲಾಸ್ಟಿಕ್ ಭಾಗಗಳನ್ನು ಸಾಬೂನಿನ ನೀರಿನಲ್ಲಿ ತೊಳೆದು ಜಿಡ್ಡು ತೆಗೆಯಬೇಕು. ನುಣುಪಾದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಮೆಲ್ಲಗೆ ತೀಡಿ, ಪ್ರೈಮರ್ ಹಚ್ಚಿ, ಬಳಿಕ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಬಳಿಯಬೇಕು. ಒಂದು ಪದರ ಒಣಗದೆ ಇನ್ನೊಂದನ್ನು ಹಾಕುವ ಅವಸರವೇ ಹಾನಿಗೆ ಮೂಲ. ತೀಕ್ಷ್ಣವಾದ ಥಿನ್ನರ್ ಪ್ಲಾಸ್ಟಿಕ್ಕನ್ನೇ ಬಿರಿಯುವಂತೆ ಮಾಡಬಲ್ಲದು.

ನಿಂತಲ್ಲೇ ನಿಲ್ಲುವ ಬೊಂಬೆಗೂ ಇದಕ್ಕೂ ಇರುವ ಭೇದ ಕೀಲುಗಳಲ್ಲಿದೆ. ಕೀಲಿನೊಳಗೆ ಬಣ್ಣ ದಪ್ಪವಾಗಿ ಕುಳಿತರೆ ಭಾಗಗಳು ಬಿಗಿಯಾಗುತ್ತವೆ. ಬಲವಂತವಾಗಿ ತಿರುಗಿಸಿದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ, ಕೆಲವೊಮ್ಮೆ ಕೈಯೇ ಮುರಿಯುತ್ತದೆ. ಆದುದರಿಂದ ಒಂದಕ್ಕೊಂದು ಉಜ್ಜುವ ಮೈಗಳನ್ನು ಬಣ್ಣ ಹಚ್ಚದೆ ಬಿಡುವುದೇ ಜಾಣತನ.

ಇನ್ನು ಮನೆಯವರೆಲ್ಲ ಗಮನಿಸಬೇಕಾದ ಗಂಭೀರ ವಿಷಯವೊಂದಿದೆ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಂಭವ ಉಂಟು. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಗೆ ಕುಂದು ತರುತ್ತದೆ. ಮನೆಬಳಕೆಯ ಹಾಗೂ ಅಲಂಕಾರದ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದು ಭಾರತ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೂ ಮುಂಚಿನ ಬಣ್ಣವನ್ನು ಒಣಗಿದ್ದಂತೆಯೇ ಕೆರೆದು ಧೂಳೆಬ್ಬಿಸಬಾರದು; ಎಳೆಯ ಮಕ್ಕಳ ಕೈಗೆ ಅದನ್ನು ಕೊಡಲೂಬಾರದು. ಬಾಯಿಗಿಡುವ ವಯಸ್ಸಿನ ಕಂದನ ಆಟಿಕೆಗೆ ಮನೆಯಲ್ಲಿ ಬಣ್ಣ ಬಳಿಯುವ ಗೋಜೇ ಬೇಡ.

ಹಾಗಾದರೆ ಅಜ್ಜಿಯ ಕಾಲದ ಪಟ್ಟದ ಬೊಂಬೆಗೆ ಏನು ಮಾಡಬೇಕು? ಕಾರ್ಖಾನೆಯ ಒಂದೇ ಅಚ್ಚಿನಿಂದ ಸಾವಿರಗಟ್ಟಲೆ ಬಂದ ಯಂತ್ರಮಾನವನು ಹೊಸ ಬಣ್ಣದಿಂದ ತನ್ನದೇ ಆದ ಮುಖವನ್ನು ಪಡೆಯುತ್ತಾನೆ. ಕೈಕೆಲಸದ ಪಟ್ಟದ ಬೊಂಬೆಯ ಮುಖವಾದರೋ ಮೊದಲೇ ಒಂದೇ ಒಂದು. ಹೆಸರು ತಿಳಿಯದ ಕುಶಲಿಗನೊಬ್ಬನು ಎಳೆದ ಹುಬ್ಬಿನ ಗೆರೆ ಹೊಸ ಬಣ್ಣದ ಅಡಿಯಲ್ಲಿ ಹೂತುಹೋದರೆ ಮತ್ತೆ ಬಾರದು. ಅದಕ್ಕೆ ಮೆತ್ತನೆಯ ಒಣಕುಂಚದಿಂದ ಧೂಳು ಕೊಡವಿ, ಹೊಸ ಪಟ್ಟೆ ಉಡಿಸಿ, ಹೊಸ ಮಣಿಸರ ತೊಡಿಸಿದರೆ ಸಾಕು. ಬಣ್ಣ ಎದ್ದು ಉದುರುತ್ತಿದ್ದರೆ ಅನುಭವಸ್ಥ ಕುಶಲಕರ್ಮಿಯಲ್ಲಿಗೆ ಒಯ್ಯುವುದು ಕ್ಷೇಮ. ಮನೆಯ ಮಕ್ಕಳ ಕುಂಚಕ್ಕೆ ಕೆಲಸ ಬೇಕಾದರೆ ಮೂಲೆಯಲ್ಲಿ ಬಿದ್ದ ಪ್ಲಾಸ್ಟಿಕ್ ಭಟನಿದ್ದಾನೆ. ಅವನಿಗೆ ಬಣ್ಣ ಹಚ್ಚಿ ಬೊಂಬೆಗಳ ಕೊನೆಯ ಸಾಲಿನಲ್ಲಿ ನಿಲ್ಲಿಸಿದರೆ, ರಾಜ ರಾಣಿಯರ ಆಸ್ಥಾನಕ್ಕೆ ಹೊಸ ಕಾವಲುಗಾರನೊಬ್ಬ ದೊರೆತಂತಾಗುತ್ತದೆ.