ಮಗುವಿನ ಜೀವನಾಂಶ: ಸಂಬಳದಿಂದಲೇ ಕಡಿತ ಪಡೆಯುವ ಬಗೆ

ಚೆನ್ನೈನ ಟಿ. ನಗರದಲ್ಲಿ, ಅಂದರೆ ತ್ಯಾಗರಾಯ ನಗರದಲ್ಲಿ, ಕನ್ನಡಿಗರ ಅನೇಕ ಕುಟುಂಬಗಳು ನೆಲೆಸಿವೆ. ಇಲ್ಲಿನ ಬಟ್ಟೆ ಮಳಿಗೆಯೊಂದರಲ್ಲಿ ದುಡಿಯುತ್ತ ಮಗುವನ್ನು ಸಾಕುತ್ತಿರುವ ತಾಯಿಯೊಬ್ಬಳನ್ನು ಊಹಿಸಿಕೊಳ್ಳಿ. ಬೆಂಗಳೂರಿನ ಕಾರ್ಖಾನೆಯಲ್ಲಿ ಸಂಬಳಕ್ಕಿರುವ ಪತಿ ಮಗುವಿಗೆ ಪ್ರತಿ ತಿಂಗಳೂ ಜೀವನಾಂಶ ನೀಡಬೇಕೆಂದು ನ್ಯಾಯಾಲಯ ಆದೇಶಿಸಿದೆ. ಎರಡು ತಿಂಗಳು ಬಂದ ಹಣ ಆಮೇಲೆ ನಿಂತಿದೆ. ಕೇಳಲು ನ್ಯಾಯಾಲಯಕ್ಕೆ ಹೋದ ದಿನ ಆಕೆಯ ಅಂದಿನ ಸಂಬಳವೂ ಹೋಗುತ್ತದೆ. ಇಂಥ ಸಂದರ್ಭಕ್ಕಾಗಿ, ಹಣವು ಪತಿಯ ಕೈ ಸೇರುವ ಮೊದಲೇ ಕಡಿತವಾಗುವ ವ್ಯವಸ್ಥೆಯನ್ನು ಕಾನೂನು ಕಲ್ಪಿಸಿದೆ.

ಕಾನೂನಿನ ಆಧಾರ

2024ರ ಜುಲೈ 1ರಿಂದ ಜೀವನಾಂಶದ ಅರ್ಜಿಗಳಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಅನ್ವಯಿಸುತ್ತದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 125ನೇ ಕಲಮಾಗಿತ್ತು. ಪತ್ನಿ ತಾನು ವಾಸಿಸುವ ಊರಿನಲ್ಲಿಯೇ ಅರ್ಜಿ ಸಲ್ಲಿಸಬಹುದು. ಚೆನ್ನೈ ನಿವಾಸಿಗಳಿಗೆ ಉಚ್ಚ ನ್ಯಾಯಾಲಯದ ಆವರಣದಲ್ಲಿ ಕುಟುಂಬ ನ್ಯಾಯಾಲಯಗಳಿವೆ.

ಉಭಯ ಪಕ್ಷಗಳೂ ತಮ್ಮ ಆದಾಯ, ಆಸ್ತಿ ಮತ್ತು ಹೊಣೆಗಳನ್ನು ಪ್ರಮಾಣಪತ್ರದ ಮೂಲಕ ತಿಳಿಸಬೇಕೆಂದೂ, ಅರ್ಜಿ ಸಲ್ಲಿಸಿದ ದಿನದಿಂದಲೇ ಜೀವನಾಂಶ ಸಲ್ಲಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರ್ 4ರಂದು ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಇಂಥ ಆದೇಶವನ್ನು ಹಣದ ಡಿಕ್ರಿಯಂತೆ ಜಾರಿಗೊಳಿಸಬಹುದೆಂದೂ ಅದೇ ತೀರ್ಪು ಹೇಳಿದೆ. ಆದ್ದರಿಂದ ಸಂಬಳದ ಜಪ್ತಿಗೆ ಸಂಬಂಧಿಸಿದ ಸಿವಿಲ್ ಪ್ರಕ್ರಿಯಾ ಸಂಹಿತೆಯ ನಿಯಮಗಳ ನೆರವು ಪಡೆಯಬಹುದಾಗಿದೆ. ಸರ್ಕಾರಿ ನೌಕರರಿಗೆ 21ನೇ ಆದೇಶದ 48ನೇ ನಿಯಮ, ಖಾಸಗಿ ನೌಕರರಿಗೆ 48-ಎ ನಿಯಮ ಅನ್ವಯಿಸುತ್ತವೆ.

ಕಡಿತದ ಮಿತಿ

ಜೀವನಾಂಶದ ಡಿಕ್ರಿಯಲ್ಲಿ ಸಂಬಳದ ಮೂರನೆಯ ಒಂದು ಭಾಗವನ್ನು ಜಪ್ತಿ ಮಾಡುವಂತಿಲ್ಲ. ಸಂಬಳ 24,000 ರೂಪಾಯಿ ಎಂದಾದರೆ 8,000 ರೂಪಾಯಿ ನೌಕರನಿಗೆ ಉಳಿಯಲೇಬೇಕು. ಉಳಿದ 16,000 ರೂಪಾಯಿ ಗರಿಷ್ಠ ಮಿತಿ ಮಾತ್ರ. ಕಡಿತವಾಗುವುದು ನ್ಯಾಯಾಲಯ ಗೊತ್ತುಪಡಿಸಿದ ಮೊತ್ತವಷ್ಟೇ.

ಅರ್ಜಿಯೊಂದಿಗೆ ಇರಬೇಕಾದವು

1. ಜೀವನಾಂಶದ ಆದೇಶದ ದೃಢೀಕೃತ ನಕಲು.
2. ಯಾವ ತಿಂಗಳಿನಿಂದ ಎಷ್ಟು ಬಾಕಿ ಇದೆಯೆಂಬ ತಿಂಗಳುವಾರು ಪಟ್ಟಿ. ಬ್ಯಾಂಕ್ ಪಾಸ್‌ಪುಸ್ತಕದ ನಕಲು.
3. ಪತಿ ಕೆಲಸ ಮಾಡುವ ಸಂಸ್ಥೆಯ ಪೂರ್ಣ ಹೆಸರು, ವಿಳಾಸ, ಪತಿಯ ಹುದ್ದೆ.
4. ಸಂಬಳ ಬಟವಾಡೆ ಮಾಡುವ ಅಧಿಕಾರಿಯ ಪದನಾಮ ಮತ್ತು ವಿಳಾಸ.

ಇವುಗಳಲ್ಲಿ ಕೊನೆಯದನ್ನು ಅಲಕ್ಷಿಸಬಾರದು. ನ್ಯಾಯಾಲಯದ ಆದೇಶ ತಲುಪಬೇಕಾದುದು ಆ ಅಧಿಕಾರಿಗೆ. ವಿಳಾಸ ತಪ್ಪಿದರೆ ಆದೇಶವಿದ್ದೂ ಹಣ ಬಾರದು. ಸರ್ಕಾರಿ ನೌಕರರ ಬಟವಾಡೆ ಅಧಿಕಾರಿ ಬೇರೆ ರಾಜ್ಯದಲ್ಲಿದ್ದರೂ ಚೆನ್ನೈ ನ್ಯಾಯಾಲಯ ಆದೇಶ ಕಳುಹಿಸಬಹುದು; ಆದರೆ ಖಾಸಗಿ ನೌಕರರ ವಿಷಯದಲ್ಲಿ 48-ಎ ನಿಯಮದಂತೆ ಬಟವಾಡೆ ಅಧಿಕಾರಿ ಆದೇಶ ನೀಡುವ ನ್ಯಾಯಾಲಯದ ಸ್ಥಳೀಯ ವ್ಯಾಪ್ತಿಯೊಳಗೆ ಇರಬೇಕು. ಆದೇಶ ತಲುಪಿದ ಬಳಿಕ ಪ್ರತಿ ತಿಂಗಳೂ ಹಣ ಹಿಡಿದು ನ್ಯಾಯಾಲಯಕ್ಕೆ ಕಳುಹಿಸುವುದು ಆತನ ಕರ್ತವ್ಯ. ಅದನ್ನು ಮೀರಿ ಪೂರ್ಣ ಸಂಬಳ ಕೊಟ್ಟರೆ ಆ ಮೊತ್ತಕ್ಕೆ ಸಂಸ್ಥೆಯೇ ಹೊಣೆ. ಪತಿ ಕೆಲಸ ಬದಲಾಯಿಸಿದಲ್ಲಿ ಹೊಸ ಸಂಸ್ಥೆಯ ವಿವರ ನೀಡಿ ಹೊಸ ಆದೇಶ ಪಡೆಯಬೇಕು.

ಕೌಟುಂಬಿಕ ದೌರ್ಜನ್ಯವೂ ನಡೆದಿದ್ದಲ್ಲಿ 2005ರ ಸಂರಕ್ಷಣಾ ಅಧಿನಿಯಮದ ಮೇರೆಗೆ ಮ್ಯಾಜಿಸ್ಟ್ರೇಟರಿಂದ ಜೀವನಾಂಶದ ಆದೇಶ ಪಡೆಯಬಹುದು. ಪತಿ ಅದನ್ನು ಪಾಲಿಸದಿದ್ದರೆ, ಸಂಬಳದ ಒಂದು ಭಾಗವನ್ನು ನೇರವಾಗಿ ಪತ್ನಿಗೇ ಕೊಡುವಂತೆ ಮಾಲೀಕನಿಗೆ ನಿರ್ದೇಶಿಸಲು 20(6)ನೇ ಕಲಂ ಅವಕಾಶ ನೀಡುತ್ತದೆ.

ಕಾಲಮಿತಿ ಮತ್ತು ನೆರವು

144ನೇ ಕಲಮಿನ ಮೇರೆಗೆ ಬಾಕಿ ವಸೂಲಿಗೆ ವಾರಂಟ್ ಕೋರುವವರು, ಹಣ ಸಲ್ಲಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಪತಿ ತಾನಾಗಿ ಕೊಟ್ಟಾನೆಂದು ಕಾಯುತ್ತ ಕುಳಿತರೆ ಈ ಮಾರ್ಗ ಮುಚ್ಚಿಹೋಗಬಹುದು.

ವಕೀಲರ ವೆಚ್ಚಕ್ಕೆ ಅಂಜಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರು ಮತ್ತು ಮಕ್ಕಳು, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. 15100 ಸಂಖ್ಯೆಗೆ ದೂರವಾಣಿ ಮಾಡಿ ಈ ನೆರವನ್ನು ಕೋರಬಹುದು. ಕನ್ನಡದಲ್ಲಿ ಮಾತ್ರವಿರುವ ದಾಖಲೆಗಳನ್ನು ಮೊದಲೇ ತಮಿಳಿಗೆ ಅಥವಾ ಇಂಗ್ಲಿಷಿಗೆ ಅನುವಾದ ಮಾಡಿಸಿಟ್ಟುಕೊಂಡರೆ ವಿಳಂಬ ತಪ್ಪುತ್ತದೆ.

ಜೀವನಾಂಶವು ತಂದೆ ತೋರುವ ದಯೆಯಲ್ಲ, ಮಗುವಿನ ಹಕ್ಕು. ಸರಿಯಾಗಿ ಭರ್ತಿ ಮಾಡಿದ ಒಂದು ಅರ್ಜಿಯಿಂದ ಆ ಹಕ್ಕು ತಿಂಗಳು ತಿಂಗಳೂ ಮನೆ ತಲುಪುವಂತಾಗುತ್ತದೆ.